ಹೊಗೆ ಯಾವ ಕಡೆಗೆ?

ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಬಾಳಿದವರಿಗೆ ಬೆಳಕಿಂಡಿಯ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಗದಗ, ಶಿರಹಟ್ಟಿ, ಮುಂಡರಗಿಯ ಹಳೆಯ ಮನೆಗಳಲ್ಲಿ ಅಡಿಗೆಮನೆಯ ನೆತ್ತಿಗೆ ಮಣ್ಣಿನ ಮಾಳಿಗೆಯಲ್ಲೊಂದು ಕಿಂಡಿ. ಬೆಳಕು ಒಳಗೆ ಇಳಿಯುವುದೂ ಅದರಲ್ಲೇ, ಹೊಗೆ ಹೊರಗೆ ಏರುವುದೂ ಅದರಲ್ಲೇ. ಮಳೆ ಹನಿಯತೊಡಗಿದರೆ ಯಾರಾದರೂ ಮಾಳಿಗೆ ಹತ್ತಿ ಅದರ ಬಾಯಿ ಮುಚ್ಚಿ ಬರುತ್ತಿದ್ದರು. ಕಾಳುಕಡಿ ನೆನೆಯುತ್ತಿರಲಿಲ್ಲ, ಹಾಸಿಗೆ ನೆನೆಯುತ್ತಿರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವಳ ಕಣ್ಣು ಮಾತ್ರ ನೆನೆಯುತ್ತಿತ್ತು. ಕಿಂಡಿ ಎಲ್ಲಿರಬೇಕೆಂದು ಗೊತ್ತುಮಾಡಿದವನು ಗೌಂಡಿ. ಹೊಗೆ ನುಂಗಿದವಳು ಬೇರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿಕೊಂಡಿತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ಹಳ್ಳಿಗಳಿಗೆ ಬಂತು. ಮೂರು ಪಾತ್ರೆಯ ಒಲೆ, ಅದಕ್ಕೊಂದು ಹೊಗೆಕೊಳವೆ. ಒಳ್ಳೆಯ ಒಲೆಯೇ. ಆದರೆ ಕೊಳವೆಯೊಳಗಿನ ಇದ್ದಲು ಮಸಿಯನ್ನು ಆಗಾಗ ಕೊಡವದಿದ್ದರೆ ಹೊಗೆ ಮತ್ತೆ ಒಲೆಯ ಬಾಯಿಂದಲೇ ಹೊರಬೀಳುತ್ತದೆ. ಹೊಗೆಗೆ ದಾರಿ ಮಾಡಿಕೊಟ್ಟರೆ ಸಾಲದು, ಆ ದಾರಿ ಸಲೀಸಾಗಿರಬೇಕು. ಈ ಮಾತು ಎಂಜಿನ್ನಿಗೂ ಅನ್ವಯಿಸುತ್ತದೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಗದಗಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಸದರ್ನ್ ಮರಾಠಾ ಕಂಪನಿಯ ಆ ಉಗಿಬಂಡಿಗಳಲ್ಲೂ ಇದೇ ಲೆಕ್ಕಾಚಾರ. ಕೆಲಸ ಮುಗಿಸಿದ ಉಗಿಯನ್ನು ಸುಮ್ಮನೆ ಹೊರಗೆ ಚೆಲ್ಲದೆ ಚಿಮಣಿಯೊಳಗೆ ಮೇಲ್ಮುಖವಾಗಿ ಊದಿಬಿಟ್ಟರೆ, ಅದು ತನ್ನ ಜೊತೆಗೆ ಒಲೆಯ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಬೆಂಕಿ ಭಗ್ಗನೆ ಉರಿಯುತ್ತದೆ. ಇಂಗ್ಲೆಂಡಿನ ಟ್ರೆವಿಥಿಕ್ 1804ರಲ್ಲೇ ತನ್ನ ಬಂಡಿಯಲ್ಲಿ ಹೀಗೆ ಮಾಡಿದ್ದ. ನಾವು ಮಕ್ಕಳಿಗೆ ಆಡಿ ತೋರಿಸುವ ‘ಛುಕ್ ಛುಕ್’ ಸದ್ದು ಆ ಉಗಿಯದೇ. ಬಿಸಾಡುವ ವಸ್ತುವಿನಿಂದಲೂ ದುಡಿಸಿಕೊಳ್ಳುವ ಈ ಜಾಣತನ ನಮ್ಮ ಹೆಂಗಸರಿಗೆ ಹೊಸದೇನಲ್ಲ, ಬಿಡಿ.

ಮುಂದೆ 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ ಇದೇ ಧಾಟಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟ. ಸುಟ್ಟ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಯ ಜೊತೆಗೇ ಹೋಗಿಬಿಡುತ್ತದೆ. ಆ ಹೊಗೆಯಿಂದ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದು ಅವನ ಯೋಚನೆ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕಂಡವರಿಗೆ ಮೊದಲ ಚಕ್ರ ಅರ್ಥವಾಗುತ್ತದೆ. ಗಾಳಿಯ ಬದಲು ಹೊಗೆ, ಅಷ್ಟೆ. ಈ ಟರ್ಬೊ ಗಟ್ಟಿಯಾಗಿ ನೆಲೆಯೂರಲು ಅವನಿಗೆ ಇಪ್ಪತ್ತು ವರ್ಷ ಹಿಡಿಯಿತು. ಇಂದು ನಮ್ಮ ಬಸ್ಸು, ಲಾರಿಗಳ ಡೀಸೆಲ್ ಎಂಜಿನ್ನುಗಳಲ್ಲಿ ಅದು ಸಾಮಾನ್ಯ. ಚಕ್ರ ತಿರುಗಿಸಿ ಬಂದ ಹೊಗೆಗೆ ಮುಂದೆ ಅಡ್ಡಿ ಇರಬಾರದು. ಪೈಪು ಅಗಲವಾಗಿರಬೇಕು, ಗಿಡ್ಡವಾಗಿರಬೇಕು, ತಿರುವು ಕಡಿಮೆ ಇರಬೇಕು. ಇಲ್ಲವಾದರೆ ಟರ್ಬೊ ಹಾಕಿಯೂ ಅರ್ಧ ಫಲ.

ನನ್ನ ಅಕ್ಕನ ಮಗ ಬೆಟಗೇರಿಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಮುಂಡರಗಿ ಕಡೆಯ ಒಬ್ಬ ರೈತರ ಹಳೆಯ ಜೀಪಿಗೆ ಟರ್ಬೊ ಕೂಡಿಸುತ್ತಿದ್ದ. ಹೊಲದೊಳಗೆ ಮಾತ್ರ ಓಡಿಸುವ ಗಾಡಿ. ಕಂಪನಿ ಮಾಡಿಕೊಟ್ಟದ್ದಕ್ಕಿಂತ ಬೇರೆಯಾಗಿ ಗಾಡಿಯನ್ನು ಬದಲಿಸಿ ರಸ್ತೆಗೆ ತರಬಾರದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದ್ದು ಅವನಿಗೆ ಗೊತ್ತು. ನಾನು ಹೋದಾಗ ಜೀಪಿನ ಕೆಳಗಿನಿಂದ ಹೊರಬಂದು ಕೈ ಒರೆಸಿಕೊಂಡ.

“ಚಿಗವ್ವ, ಹಿಂದಿನ ಗಾಲಿ ಮುಂದ ಎಡಕ್ಕ ತಿರುವಿ ಬಿಟ್ರ ಮುಗೀತು. ಮೂರು ಫೂಟ್ ಪೈಪ್ ಸಾಕು. ಹಿಂದಿನತನಕ ಒಯ್ಯಬೇಕಂದ್ರ ಆಕ್ಸಲ್ ಮ್ಯಾಲೆ ಹತ್ತಿಸಿ ಇಳಸಬೇಕು, ನಾಕು ಬೆಂಡ್ ಆಗ್ತಾವು. ಎಂಜಿನ್ನಿಗೆ ಉಸಿರು ಕಟ್ಟತೈತಿ.”

“ಎಡಕ್ಕ ಯಾರು ನಿಂತಿರ್ತಾರೋ ತಮ್ಮಾ?” ಎಂದೆ.

ಅವನು ಉತ್ತರ ಕೊಡಲಿಲ್ಲ. ಇದಕ್ಕೆ ಉತ್ತರ ಲಕ್ಷ್ಮೇಶ್ವರದ ದಾರಿಯಲ್ಲಿ ಬಸ್ಸಿಗಾಗಿ ಕಾದವರೆಲ್ಲರಿಗೂ ಗೊತ್ತು. ನಮ್ಮ ದೇಶದಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಓಡುತ್ತವೆ. ಕಾಯುವವರು, ನಡೆಯುವವರು, ಹತ್ತುವವರು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಚೀಲ ಹಿಡಿದವರು, ಎಲ್ಲರೂ ಎಡಕ್ಕೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 112ನೆಯದು ಇದನ್ನೇ ಹೇಳುತ್ತದೆ: ಹೊಗೆಯನ್ನು ಕೆಳಕ್ಕೂ ಬಿಡಬಾರದು, ಎಡಕ್ಕೂ ಬಿಡಬಾರದು, ಮೇಲಕ್ಕೆ, ಹಿಂದಕ್ಕೆ, ಇಲ್ಲವೆ ಬಲಕ್ಕೆ ಬಿಡಬೇಕು. ಕೆಳಕ್ಕೆ ಬಿಟ್ಟರೆ ನಮ್ಮ ಎರೆಮಣ್ಣಿನ ಧೂಳೂ ಅದರ ಜೊತೆ ಎದ್ದೀತು. ಬಲಕ್ಕೆ ಹೋಗುವ ಸ್ಕೂಟರಿನವರ ಗತಿಯೇನೆಂದು ನಿಯಮ ಬರೆದವರನ್ನು ನಾನಾದರೆ ಕೇಳುತ್ತಿದ್ದೆ. ಆದರೂ ಕಾಯುತ್ತ ನಿಂತವರನ್ನು ನೆನಪಿಟ್ಟರಲ್ಲ, ಅದು ಸಣ್ಣದಲ್ಲ. ಡೀಸೆಲ್ ಎಂಜಿನ್ನಿನ ಹೊಗೆ ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಸಾರಿದ್ದು 2012ರಲ್ಲಿ; ನಿಯಮ ಅದಕ್ಕೂ ಇಪ್ಪತ್ತಮೂರು ವರ್ಷ ಹಿಂದಿನದು.

“ಇದು ರೋಡಿನ ಗಾಡಿ ಅಲ್ಲಲ್ಲ ಚಿಗವ್ವ,” ಎಂದ ಅವನು. ಹೊಲದಲ್ಲಿ ಮೆಣಸಿನಕಾಯಿ ಬಿಡಿಸಲು ಬಂದ ಆಳುಗಳು ಇದರಲ್ಲೇ ಕೂತು ಈ ತುದಿಯಿಂದ ಆ ತುದಿಗೆ ಹೋಗುತ್ತಾರೆಂದು ಅವನೇ ಸ್ವಲ್ಪ ಹೊತ್ತಿನ ಮುಂಚೆ ಹೇಳಿದ್ದ. ಆಳುಗಳೆಂದರೆ ಹೆಂಗಸರೇ. ಕೂಡುವುದು ಹಿಂದೆ. ಹಾಗಾದರೆ ಹಿಂದಕ್ಕೆ ಹೊಗೆ ಬಿಟ್ಟರೂ ತೊಂದರೆಯೇ, ಏಕೆಂದರೆ ಓಡುವ ಗಾಡಿಯ ಬೆನ್ನಿಗೆ ಗಾಳಿ ಸುತ್ತಿಕೊಂಡು ಒಳಗೇ ನುಗ್ಗುತ್ತದೆ. ಟೆಂಪೊದ ಹಿಂಬದಿ ಕೂತು ಊರಿಗೆ ಹೋದವರ ತಲೆಗೂದಲ ಮೇಲಿನ ಧೂಳೇ ಇದಕ್ಕೆ ಸಾಕ್ಷಿ. ಟ್ರ್ಯಾಕ್ಟರಿನಂತೆ ಮೇಲಕ್ಕೆ ಎತ್ತಿಬಿಡು ಎಂದೆ. ಜೀಪಿನ ಮೇಲುಹೊದಿಕೆ ಕ್ಯಾನ್ವಾಸಿನದು, ಕಾದ ಪೈಪು ತಾಗಿದರೆ ಹೊತ್ತಿಕೊಳ್ಳುತ್ತದೆ ಎಂದ. ಅದೂ ನಿಜ.

ಕೊನೆಗೆ ಆಕ್ಸಲಿನ ಮೇಲಿಂದಲೇ ಒಯ್ದ. ಮೊದಲು ತಂದಿದ್ದಕ್ಕಿಂತ ಅಗಲದ ಪೈಪು ತಂದು, ಮೂಲೆ ಮುರಿಯದೆ ಬಳಸುದಾರಿಯ ಹಾಗೆ ಬಾಗಿಸಿದ. ಡೀಸೆಲ್ ನಳಿಕೆಯಿಂದ 35 ಮಿಲಿಮೀಟರಿಗೂ ಹೆಚ್ಚು ದೂರ ಇಟ್ಟ. 113ನೆಯ ನಿಯಮ ಕೇಳುವ ಅಂತರ ಅದು. ಕೂಡುವ ಜಾಗದ ಕೆಳಗೆ ಶಾಖ ತಡೆಯಲು ಒಂದು ತಗಡು ಹೊಡೆದ. ಪೈಪಿನ ಬಾಯನ್ನು ಹಿಂದಿನ ಬಲಮೂಲೆಯಲ್ಲಿ ಗಾಡಿಯ ಮೈಯಿಂದ ಒಂದು ಗೇಣು ಹೊರಗೆ ಚಾಚಿ, ತುಸು ಬಲಕ್ಕೆ ಹೊರಳಿಸಿದ. ಅಷ್ಟಕ್ಕೇ ಅವನಿಗೆ ಒಂದು ದಿನ ಹೆಚ್ಚು ಹಿಡಿಯಿತು. ಆ ದಿನದ ಕೂಲಿ ಯಾರು ಕೊಡಬೇಕೆಂದು ಜೀಪಿನವರ ಜೊತೆ ಅವನ ಚೌಕಾಸಿ ನಡೆದೇ ಇತ್ತು, ನಾನು ಶಿರಹಟ್ಟಿ ಬಸ್ಸು ಹಿಡಿಯಲು ಹೊರಟೆ.