ನಮ್ಮ ಜಿಲ್ಲೆಯ ಹಳೆಯ ಊಟ: ಅನ್ನ ಮತ್ತು ಕೋಳಿ



ಇತಿಹಾಸ ಎಂದ ಕೂಡಲೇ ನಮಗೆ ನೆನಪಾಗುವುದು ಯುದ್ಧ, ಕೋಟೆ, ಸಿಂಹಾಸನ. ಆದರೆ ಜನರು ಏನನ್ನು ಉಂಡರು, ಹೇಗೆ ಉಂಡರು ಎಂಬುದೂ ಇತಿಹಾಸವೇ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಒಂದು ಊಟದ ವಿವರ ಸುಮಾರು 670 ವರ್ಷಗಳಿಂದ ಬರಹದಲ್ಲಿ ಉಳಿದು ಬಂದಿದೆ ಎಂಬುದು ನಿಮಗೆ ಗೊತ್ತೇ?

ಮೊರಾಕ್ಕೊದ ಟಾಂಜಿಯರ್ ನಗರದಲ್ಲಿ 1304ರಲ್ಲಿ ಹುಟ್ಟಿದ ಪ್ರವಾಸಿ ಇಬ್ನ್ ಬತೂತ, ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ 1342ರಲ್ಲಿ ಚೀನಾಕ್ಕೆ ಹೊರಟರು. ದಾರಿಯಲ್ಲಿ ಅವರು ಹೊನ್ನಾವರಕ್ಕೆ ಬಂದರು. ಅಲ್ಲಿ ಆಳುತ್ತಿದ್ದ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡದ್ದನ್ನು ತಮ್ಮ ಪ್ರವಾಸ ಕಥನದಲ್ಲಿ ವಿವರವಾಗಿ ಹೇಳಿದ್ದಾರೆ.

ಮೊದಲು ತಟ್ಟೆಗೆ ಒಂದು ಸೌಟು ಅನ್ನ, ಅದರ ಮೇಲೆ ತುಪ್ಪ. ಜೊತೆಗೆ ಉಪ್ಪಿನಲ್ಲಿ ಹಾಕಿದ ಕಾಳುಮೆಣಸು, ಹಸಿ ಶುಂಠಿ, ನಿಂಬೆ, ಮಾವು. ಅದು ಮುಗಿದ ಮೇಲೆ ಇನ್ನೊಂದು ಸೌಟು ಅನ್ನ ಮತ್ತು ಬೇಯಿಸಿದ ಕೋಳಿ. ಆಮೇಲೆ ಮತ್ತೊಂದು ಬಗೆಯ ಕೋಳಿ, ನಂತರ ಮೀನು, ತರಕಾರಿ. ಕೊನೆಗೆ ಮೊಸರು ಬಂದರೆ ಊಟ ಮುಗಿಯಿತೆಂದೇ ಅರ್ಥ. ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಒಳ್ಳೆಯದಲ್ಲವೆಂದು. ಹನ್ನೊಂದು ತಿಂಗಳು ಆ ಸುಲ್ತಾನನ ಬಳಿ ಇದ್ದಾಗ ರೊಟ್ಟಿಯನ್ನೇ ಕಾಣಲಿಲ್ಲ, ಅಲ್ಲಿಯ ಆಹಾರ ಅನ್ನವೇ ಎಂದೂ ಅವರು ಹೇಳುತ್ತಾರೆ.

ಇದು ಅರಸನ ಮನೆಯ ಊಟ ನಿಜ. ಬಡಿಸುತ್ತಿದ್ದವಳು ರೇಷ್ಮೆ ಉಟ್ಟ ದಾಸಿ. ಆದರೂ ತಟ್ಟೆಯಲ್ಲಿದ್ದ ಪದಾರ್ಥಗಳನ್ನು ಗಮನಿಸಿ. ಅನ್ನ, ಕೋಳಿ, ತರಕಾರಿ, ಮೊಸರು: ಇವು ಇಂದು ನಮ್ಮೆಲ್ಲರ ಕೈಗೆ ಎಟಕುವಂಥವೇ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಆಗ ನಮ್ಮ ನಾಡಿಗೆ ಬಂದೇ ಇರಲಿಲ್ಲ. ಅಮೆರಿಕ ಖಂಡದ ಈ ಬೆಳೆಗಳು ಇಲ್ಲಿಗೆ ಬಂದದ್ದು 1498ರಲ್ಲಿ ಪೋರ್ಚುಗೀಸರು ಕಡಲ ದಾರಿ ಹಿಡಿದು ಬಂದ ನಂತರ. ಅಲ್ಲಿಯವರೆಗೆ ಖಾರಕ್ಕೆ ಕಾಳುಮೆಣಸು, ಶುಂಠಿ. ಹುಳಿಗೆ ನಿಂಬೆ, ಮಾವು.

ಹೊನ್ನಾವರ ಕಡಲ ದಡದ ಊರು. ಮುಂಡಗೋಡ ತಾಲೂಕಿನ ಪಾಳಾ ಘಟ್ಟದ ಮೇಲಿನದು. ಆದರೆ ಪಾಳಾದ ಸುತ್ತಲೂ ಭತ್ತದ ಗದ್ದೆಗಳಿವೆ, ಮೂಡಣ ಸೀಮೆಯ ಜೋಳವೂ ದೂರವಿಲ್ಲ. ಹೀಗಿದ್ದೂ ಕೋಳಿ ಎಂದರೆ ನಮಗೆ ದಾವತ್ತಿನ ಬಿರಿಯಾನಿ, ಇಲ್ಲವೇ ಪೇಟೆಯ ಕರಿದ ತುಂಡು. ಮನೆಮನೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತು ಕೇಳುತ್ತಿರುವಾಗ ಆ ಹಳೆಯ ತಟ್ಟೆಯನ್ನು ಮತ್ತೊಮ್ಮೆ ನೋಡಬಾರದೇಕೆ?

ನಾಲ್ವರಿಗೆ ಚರ್ಮ ತೆಗೆದ ಅರ್ಧ ಕಿಲೋ ಕೋಳಿ, 300 ಗ್ರಾಂ ಅಕ್ಕಿ ಸಾಕು. ಪಾಲಿಶ್ ಮಾಡದ ಕೆಂಪಕ್ಕಿ ಸಿಕ್ಕರೆ ಉತ್ತಮ. ಅರ್ಧ ಗಂಟೆ ನೆನೆಸಿಡಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಎರಡು ಈರುಳ್ಳಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ ಬಾಡಿಸಿ, ಕೋಳಿ, ಅರಿಶಿನ, ಉಪ್ಪು, ಒಂದು ಸಣ್ಣ ಚಮಚ ಕಾಳುಮೆಣಸಿನ ಪುಡಿ ಹಾಕಿ. ಒಂದು ಲೋಟ ನೀರು ಸುರಿದು ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಜವಾರಿ ಕೋಳಿಯಾದರೆ ಒಂದು ಗಂಟೆಗೂ ಹೆಚ್ಚು ಬೇಕು. ಎಲುಬಿನ ಬಳಿ ಕೆಂಪು ಉಳಿಯಬಾರದು. ಇಳಿಸಿದ ಮೇಲೆ ನಿಂಬೆ ಹಿಂಡಿ. ಜೊತೆಗೆ ಹರಿವೆ ಸೊಪ್ಪಿನ ಪಲ್ಯ, ಕೊನೆಗೆ ಮಜ್ಜಿಗೆ. ಅನ್ನ ಬೇಡವೆಂದವರಿಗೆ ಜೋಳದ ರೊಟ್ಟಿ ಇದ್ದೇ ಇದೆ. ಅನ್ನವನ್ನು ರಾಶಿ ಹಾಕದೆ ಸೌಟಿನ ಲೆಕ್ಕದಲ್ಲಿ ಬಡಿಸಿದರೆ ಹೊಟ್ಟೆಯೂ ಹಗುರ.

ಇನ್ನೊಂದು ಮಾತು. ಅದೇ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಇಬ್ನ್ ಬತೂತ ದಾಖಲಿಸಿದ್ದಾರೆ. ಬಡಿಸಿದವಳ ಮಾತು ಬಂದಿದೆ, ಓದುವ ಬಾಲಕಿಯರ ಮಾತೂ ಬಂದಿದೆ. ಅಡುಗೆ ಮಾಡಿದ ಕೈ ಯಾರದೆಂದು ಮಾತ್ರ ಇಲ್ಲ. ಇಂದಿಗೂ ಸಂಜೆಯ ಹೊತ್ತು ಪುಸ್ತಕ ಮುಚ್ಚಿಟ್ಟು ಒಲೆಯ ಮುಂದೆ ಕೂರುವವಳು ನಮ್ಮ ಮನೆಯ ಹುಡುಗಿಯೇ ಅಲ್ಲವೇ? ಗಂಟೆಯೊಳಗೆ ಮುಗಿಯುವ ಈ ಅಡುಗೆಯನ್ನು ನಮ್ಮ ಗಂಡುಮಕ್ಕಳೂ ಕಲಿಯಲಿ. ವಾರಕ್ಕೆ ಎರಡು ಸಂಜೆ ಅವರು ಸೌಟು ಹಿಡಿದರೆ, ಅಕ್ಕತಂಗಿಯರ ಪುಸ್ತಕ ಆ ಎರಡು ಸಂಜೆಯಾದರೂ ತೆರೆದೇ ಇರುತ್ತದೆ.