ದೈವಕರೆ

ಮದುವೆಗೆ ಕರೆಯುತ್ತೇವೆ, ಊಟಕ್ಕೆ ಕರೆಯುತ್ತೇವೆ. ಸಂಘಟನೆಗಳು ಬಂದ್‌ಗೆ ಕರೆ ಕೊಡುತ್ತವೆ. ಇಲ್ಲೆಲ್ಲ ಕರೆದವರಾರು, ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬುದರಲ್ಲಿ ಗೊಂದಲವಿಲ್ಲ. ಕನ್ನಡ ಕಥೋಲಿಕರ ಮನೆಗಳಲ್ಲಿ ‘ದೈವಕರೆ’ ಎಂದಾಗ ಮಾತ್ರ ಈ ಮೂರೂ ಮಸುಕಾಗುತ್ತವೆ. ಪದವಿ ಮುಗಿಸಿದ ಹುಡುಗ ಪಾದ್ರಿಯಾಗಲು ‘ಗುರುಮಠಕ್ಕೆ ಸೇರುತ್ತೇನೆ’ ಅಂದರೆ ಅವನಿಗೆ ಕೇಳಿಸಿದ್ದಾದರೂ ಏನು? ಬೈಬಲ್ಲಿನ ಬಾಲಕ ಸಮುವೇಲ ಕೂಡ ರಾತ್ರಿ ದನಿ ಕೇಳಿ ಮೂರು ಸಲವೂ ಮುದುಕ ಏಲಿಯ ಬಳಿಗೇ ಓಡಿದ. ಕರೆದವರು ಯಾರೆಂದು ತಿಳಿಯಲು ಅವನಿಗೂ ಇನ್ನೊಬ್ಬರು ಬೇಕಾಯಿತು.

ಗುರುಮಠ ವರ್ಷಗಟ್ಟಲೆ ಮಾಡುವುದು ಏಲಿಯ ಕೆಲಸವನ್ನೇ. ಪುಣೆಯ ನಗರ್ ರಸ್ತೆಯ ಪೇಪಲ್ ಸೆಮಿನರಿಯನ್ನು ನೋಡಿ. ಈ ನೆಲದ ಮಕ್ಕಳೇ ಈ ನೆಲದ ಗುರುಗಳಾಗಲಿ ಎಂದು ಪೋಪ್ 13ನೇ ಲಿಯೋ 1893ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಸ್ಥಾಪಿಸಿದ ಈ ಮಠ 1955ರಲ್ಲಿ ಪುಣೆಗೆ ಬಂತು. ಇಲ್ಲಿನ ವಿದ್ಯಾರ್ಥಿಗಳಿಗೆ ಜ್ಞಾನದೀಪ ಸಂಸ್ಥೆಯಲ್ಲಿ ತತ್ವಶಾಸ್ತ್ರ, ಆಮೇಲೆ ಹೊರಗೆ ಜನರ ನಡುವೆ ಕೆಲಸ, ಮತ್ತೆ ದೈವಶಾಸ್ತ್ರ. 25 ತುಂಬದೆ ಸಾಮಾನ್ಯವಾಗಿ ಗುರುದೀಕ್ಷೆಯಿಲ್ಲ. ಬಲವಂತದಿಂದ ಯಾರಿಗೂ ದೀಕ್ಷೆ ಕೊಡುವಂತಿಲ್ಲ ಎನ್ನುತ್ತದೆ ಧರ್ಮಸಭೆಯ ಕಾನೂನು.

ದೀಕ್ಷೆಯ ದಿನ ಬಲಿಪೂಜೆಯ ನಡುವೆ ಅಭ್ಯರ್ಥಿಯ ಹೆಸರು ಹಿಡಿದು ಗಟ್ಟಿಯಾಗಿ ಕರೆಯುತ್ತಾರೆ. ಆತ ಎದ್ದು ‘ಇಲ್ಲಿದ್ದೇನೆ’ ಎಂದು ಓಗೊಡುತ್ತಾನೆ. ಇವನು ಯೋಗ್ಯನೇ ಎಂದು ಬಿಷಪರು ವಿಚಾರಿಸುತ್ತಾರೆ. ಕ್ರೈಸ್ತಜನರನ್ನು ಕೇಳಿ ತಿಳಿದವರು ಸಾಕ್ಷಿ ನುಡಿಯುತ್ತಾರೆ. ಅಷ್ಟು ವರ್ಷ ಎದೆಯೊಳಗೇ ಇದ್ದ ಕರೆಗೆ ಮನುಷ್ಯರ ಕಂಠ ಸಿಗುವುದು ಅಂದು.

ಹಾಗಾದರೆ ಅಲ್ಲಿಯವರೆಗಿನದೆಲ್ಲ ಆಲಿಸುವ ಕಾಲ. ನಡುವೆಯೇ ‘ನನ್ನ ದಾರಿ ಇದಲ್ಲ’ ಎಂದು ಕಂಡುಕೊಂಡವನೂ ಅಷ್ಟೇ ಶ್ರದ್ಧೆಯಿಂದ ಆಲಿಸಿದವನು. ಅವನನ್ನು ‘ಮಠ ಬಿಟ್ಟು ಬಂದವನು’ ಎಂದು ಗುರುತಿಸುವಾಗ ನನಗೆ ನೋವಾಗುತ್ತದೆ. ಮನೆಯವರು ತಲೆತಗ್ಗಿಸುತ್ತಾರೆ, ಹೆಣ್ಣು ಕೊಡುವವರು ಕಾರಣ ಕೆದಕುತ್ತಾರೆ. ಆ ಭಯಕ್ಕೇ ಒಳಗೇ ಉಳಿದುಬಿಟ್ಟರೆ ಅನ್ಯಾಯ ಅವನಿಗೂ, ಮುಂದೆ ಅವನನ್ನು ನಂಬುವ ಜನಕ್ಕೂ.

ದೈವಕರೆಗಾಗಿ ವಿಶ್ವ ಪ್ರಾರ್ಥನಾ ದಿನವನ್ನು ಪೋಪ್ 6ನೇ ಪೌಲ್ ಆರಂಭಿಸಿದ್ದು 1964ರಲ್ಲಿ. ಈಗ ಪಾಸ್ಕ ಕಾಲದ ನಾಲ್ಕನೆಯ ಭಾನುವಾರ ಅದು ನಡೆಯುತ್ತದೆ. ಹೊಸಬರು ಬರಲಿ ಎಂದು ಅಂದು ಬೇಡುವ ನಮ್ಮ ಚರ್ಚುಗಳಲ್ಲಿ, ಮನೆಗೆ ಮರಳಿದ ಈ ತರುಣರಿಗಾಗಿಯೂ ಒಂದು ಬಿನ್ನಹ ಸೇರಲಿ.