ದೆಹಲಿಯ ಕಿಟಕಿ ಒಳಗಿನಿಂದ ಕೊಳೆತ ಕಥೆ

ಜನವರಿ ಬಂತೆಂದರೆ ದೆಹಲಿಯ ನಮ್ಮವರ ಮನೆಗಳಲ್ಲಿ ಒಂದೇ ದೂರು. ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿರುತ್ತದೆ. ಕೆಳಗಿನ ಮರದ ಚೌಕಟ್ಟು ನೆನೆದು, ಬಣ್ಣ ಗುಳ್ಳೆ ಎದ್ದಿರುತ್ತದೆ. ದೀಪಾವಳಿಗೆ ಬಳಿಸಿದ ಪೇಂಟು ಹೋಳಿ ಹಬ್ಬದ ಹೊತ್ತಿಗೆ ಸಿಪ್ಪೆ ಸುಲಿದಿರುತ್ತದೆ. ಪೇಂಟರ್ ಮಳೆಯನ್ನು ದೂರುತ್ತಾನೆ, ನಾವು ಪೇಂಟರನ್ನು ದೂರುತ್ತೇವೆ. ಆದರೆ ಈ ನೀರು ಮಳೆಯದ್ದಲ್ಲ, ನಮ್ಮ ಮನೆಯದ್ದೇ!

ಇಬ್ಬನಿ ಆಕಾಶದಿಂದ ಬೀಳುತ್ತದೆ ಎಂದು ಜನ ಬಹಳ ಕಾಲ ನಂಬಿದ್ದರು. 1814ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಇಬ್ಬನಿಯ ಬಗ್ಗೆ ಪ್ರಬಂಧ ಬರೆದು, ಗಾಳಿಯಲ್ಲಿರುವ ಆವಿಯೇ ತಣ್ಣಗಾದ ವಸ್ತುವಿನ ಮೇಲೆ ನೀರಾಗುತ್ತದೆ ಎಂದು ವಿವರಿಸಿದ. ಕೋಣೆ 18 ಡಿಗ್ರಿ, ತೇವಾಂಶ ಶೇಕಡಾ 70 ಇದ್ದರೆ, ಸುಮಾರು 12 ಡಿಗ್ರಿಗೆ ಇಳಿದ ಗಾಜು ಬೆವರಲು ಶುರುಮಾಡುತ್ತದೆ. ದೆಹಲಿ ಚಳಿಗೆ ಅದೇನು ಕಷ್ಟ?

ಹಾಗಾದರೆ ಹಳೆ ಮನೆಗಳಲ್ಲಿ ಈ ಕಾಟ ಏಕೆ ಕಡಿಮೆ ಇತ್ತು? 1911ರಲ್ಲಿ ರಾಜಧಾನಿ ಇಲ್ಲಿಗೆ ಬರುವ ಘೋಷಣೆಯಾಗಿ, 1931ರಲ್ಲಿ ಹೊಸದೆಹಲಿ ಉದ್ಘಾಟನೆಯಾಯಿತು. ಆ ಕಾಲದ ಕ್ವಾರ್ಟರ್ಸ್‌ಗಳಿಗೆ ಎತ್ತರದ ಸೂರು, ಅದರ ಕೆಳಗೇ ರೋಶನ್‌ದಾನ್. ಬೇಸಿಗೆಯ ಬಿಸಿಗಾಳಿ ಹೊರಹೋಗಲೆಂದು ಇಟ್ಟ ಆ ಗೂಡುಗಳು ಚಳಿಗಾಲದ ಆವಿಯನ್ನೂ ಸದ್ದಿಲ್ಲದೆ ಹೊರಗೆ ಕಳಿಸುತ್ತಿದ್ದವು. ಅಡುಗೆ ಅಂಗೀಠಿಯ ಮೇಲೆ. ಅದರ ಇದ್ದಿಲ ಹೊಗೆ ಪ್ರಾಣಕ್ಕೇ ಅಪಾಯ, ನಿಜ. ಆದರೆ ಇದ್ದಿಲು ಉರಿದಾಗ ನೀರಾವಿ ಬಹಳ ಕಡಿಮೆ.

1965ರಲ್ಲಿ ಇಂಡೇನ್ ಶುರುವಾಗಿ, ಗ್ಯಾಸ್ ಮನೆಮನೆಗೆ ಬಂತು. ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು. ಆದರೆ ಒಂದು ಲೆಕ್ಕ ನೋಡಿ. ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. 14.2 ಕೆಜಿಯ ಸಿಲಿಂಡರ್ ಅಂದರೆ 20 ಲೀಟರಿಗೂ ಹೆಚ್ಚು! ಅನ್ನ, ಸಾರು ಕುದಿಯುವ ಆವಿ, ಒಳಗೆ ಒಣಹಾಕಿದ ಬಟ್ಟೆ ಇದಕ್ಕೆ ಬೇರೆ. ಅತ್ತ ಫ್ಲ್ಯಾಟುಗಳ ಸೂರು ತಗ್ಗಿತು. ಕೂಲರ್ ಹೋಗಿ ಏಸಿ ಬಂದ ಮೇಲೆ, ಧೂಳು ಹೊಗೆಗೆ ಹೆದರಿ, ಉಳಿದ ರೋಶನ್‌ದಾನನ್ನೂ ಮುಚ್ಚಿದೆವು. ಜಮಾ ಹೆಚ್ಚಿತು, ಖರ್ಚಿನ ದಾರಿ ಬಂದಾಯಿತು. ಬಾಕಿ ಪೂರ್ತಿ ಕಿಟಕಿಯ ಲೆಕ್ಕಕ್ಕೆ!

ಇನ್ನು ಬಣ್ಣದ ವಿಷಯ. ಹಿಂದೆ ಮರಕ್ಕೆ ಅಗಸೆ ಎಣ್ಣೆಯಲ್ಲಿ ಸೀಸದ ಬಿಳಿಪುಡಿ ಅರೆದ ಬಣ್ಣ. 1920ರ ದಶಕದಲ್ಲಿ ಅಮೆರಿಕದಲ್ಲಿ ಆಲ್ಕಿಡ್ ರಾಳ ಬಂದು, ಅದರಿಂದ ಇಂದಿನ ಎನಾಮಲ್ ಬೆಳೆಯಿತು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಬರೆದುಕೊಟ್ಟ ಗಟ್ಟು ಹುಡುಗ ನೆನಪಿದ್ದಾನಲ್ಲ? ಅವನ ಡಬ್ಬಿಯ ಕಾಲದಿಂದ ನಾವು ಹೊಳಪಿನ ಮೇಲೆ ಹೊಳಪು ಬಳಿಯುತ್ತಾ ಬಂದಿದ್ದೇವೆ. ಚೌಕಟ್ಟಿನ ಮೂಲೆಯ ಸಂದಿಯಿಂದ, ಒಡೆದ ಪುಟ್ಟಿಯ ಹಿಂದಿನಿಂದ ಒಳಹೊಕ್ಕ ನೀರು ಆ ದಪ್ಪ ಪದರದ ಅಡಿಯಲ್ಲಿ ಸಿಕ್ಕಿಕೊಂಡು ಮರವನ್ನು ಕೊಳೆಸುತ್ತದೆ.

ಒಂದು ಎಚ್ಚರಿಕೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2016ರಲ್ಲಿ ಹೊರಬಿದ್ದು, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳ ಮಿದುಳಿಗೆ ವಿಷ. ಒಣ ಉಜ್ಜುವಿಕೆ ಬೇಡ. ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಿಸಿ, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಮೊಮ್ಮಕ್ಕಳನ್ನು ಆ ಕೋಣೆಯಿಂದ ದೂರವಿಡಿ.

ಕೆಲಸ ಮಾಡಿಸುವುದು ಏಪ್ರಿಲ್, ಮೇ ತಿಂಗಳ ಒಣ ಬಿಸಿಲಲ್ಲಿ. ಮೆತ್ತಗಾದ ಮರ ಕೆತ್ತಿ ತೆಗೆಸಿ, ಉಳಿದದ್ದು ಪೂರ್ತಿ ಒಣಗಲಿ. ಆಮೇಲೆ ಪ್ರೈಮರ್, ಹೊಸ ಪುಟ್ಟಿ, ಕೊನೆಗೆ ಬಣ್ಣ. ಚೌಕಟ್ಟನ್ನೇ ಕಿತ್ತು ಅಲ್ಯೂಮಿನಿಯಂ ಹಾಕಿಸಿ ಅನ್ನುವವರಿದ್ದಾರೆ. ಸಾದಾ ಅಲ್ಯೂಮಿನಿಯಂ ಮರಕ್ಕಿಂತ ಬೇಗ ತಣ್ಣಗಾಗುತ್ತದೆ, ನೀರು ಇನ್ನೂ ಜಾಸ್ತಿ.

ಆದರೆ ಪೇಂಟರನ್ನು ಕರೆಯುವ ಮೊದಲು ಒಮ್ಮೆ ತಲೆ ಎತ್ತಿ ನೋಡಿ. ಮೇಲೆ ಎಲ್ಲೋ ಹಲಗೆ ಬಡಿದ ರೋಶನ್‌ದಾನ್ ಇದ್ದರೆ, ಮೊದಲು ಅದನ್ನು ಬಿಚ್ಚಿಸಿ. ಇಲ್ಲದವರು ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಬಣ್ಣದ ಖರ್ಚು ಆಮೇಲಿನ ಮಾತು.